ಓದುವಾಗ ತಂಬೂರಿ ಸಾಕು, ಹಾಡು ಬೇಡ

ಓದಲು ಕೂತ ಪಿಯುಸಿ ಮಕ್ಕಳು, ಊರಿನಿಂದಲೇ ಕಂಪನಿ ಕೆಲಸ ಮಾಡುವವರು, ಸೊಸೈಟಿ ಲೆಕ್ಕ ಬರೆಯುವವರು, ಯಾರ ಪಕ್ಕ ನೋಡಿದರೂ ಮೊಬೈಲ್‌ನಲ್ಲಿ ಒಂದು ದೇವರ ಹಾಡು. ಹಾಡಿದ್ದರೆ ಮನಸ್ಸು ನಿಲ್ಲುತ್ತದಂತೆ. ನಿಲ್ಲುವುದು ನಿಜ, ಹಾಡಿನ ಮೇಲೆ. ಎದುರಿಗಿರುವ ಪುಟ ಅಲ್ಲೇ ಉಳಿಯುತ್ತದೆ.

ಒಳ್ಳೆಯ ಸಂಗೀತಕ್ಕೆ ರಾಮನಾಥಪುರದವರು ದೂರ ಹುಡುಕಬೇಕಿಲ್ಲ. ಇದೇ ಕಾವೇರಿ ದಡದ ರುದ್ರಪಟ್ಟಣ ಆರ್.ಕೆ. ಶ್ರೀಕಂಠನ್ ಅವರ ಊರು, ರುದ್ರಪಟ್ಟಣಂ ಸಹೋದರರ ಊರು. ವಿದ್ವಾನ್ ಆರ್.ಕೆ. ಪದ್ಮನಾಭ ಅಲ್ಲಿ ಕಟ್ಟಿಸಿದ ಸಪ್ತಸ್ವರ ದೇವತಾ ಧ್ಯಾನ ಮಂದಿರ ತಂಬೂರಿಯ ಆಕಾರದಲ್ಲೇ ಇದೆ. ನಮಗೀಗ ಬೇಕಾದ್ದೂ ತಂಬೂರಿಯೇ.

ಮೊದಲು ಕೆಲಸ ಎಂಥದ್ದೆಂದು ನೋಡಿಕೊಳ್ಳಿ. ಹೊಗೆಸೊಪ್ಪು ಗ್ರೇಡ್ ಮಾಡುವಾಗ, ಹೂ ಕಟ್ಟುವಾಗ, ಹೊಲಿಗೆ ಮಷಿನ್ ಮುಂದೆ ಯಾವ ದೇವರನಾಮ ಹಾಕಿಕೊಂಡರೂ ನಡೆದೀತು. ಕೈ ಪಳಗಿದ ಕೆಲಸ ತನ್ನಷ್ಟಕ್ಕೆ ಸಾಗುತ್ತದೆ, ಬೇಸರವೂ ಕಳೆಯುತ್ತದೆ. ಅಕ್ಷರ ಮತ್ತು ಅಂಕಿಯ ಕೆಲಸಕ್ಕೆ ಮಾತ್ರ ಸಾಹಿತ್ಯವಿರುವ ಹಾಡು ಬೇಡವೇ ಬೇಡ.

ಎಲ್ಲರೂ ಎಡವುವುದು ಇಲ್ಲೇ. ಓದುವಾಗ ನಾವು ಪದಗಳನ್ನು ಒಳಗೊಳಗೇ ನುಡಿದುಕೊಳ್ಳುತ್ತೇವೆ. ಅದೇ ಹೊತ್ತಿಗೆ ಕಿವಿಯಿಂದ ಬೇರೆ ಪದಗಳು ಬಂದರೆ ಎರಡೂ ಕಲಸಿಹೋಗುತ್ತವೆ. ‘ಸಹಸ್ರನಾಮ ಸಂಸ್ಕೃತದಲ್ಲಿದೆ, ನಮಗೆ ಅರ್ಥವಾಗುವುದಿಲ್ಲ, ಅದರಿಂದೇನು ಅಡ್ಡಿ?’ ಎಂದು ಕೇಳುವವರಿದ್ದಾರೆ. ಅರ್ಥವಾಗಬೇಕೆಂದೇ ಇಲ್ಲ. ಮನಶ್ಶಾಸ್ತ್ರಜ್ಞರಾದ ಪಿಯರ್ ಸಲಾಮೆ ಮತ್ತು ಅಲನ್ ಬ್ಯಾಡ್ಲಿ 1982ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಣ್ಣಿಂದ ಓದಿದ ಅಂಕಿಗಳನ್ನು ನೆನಪಿಡುವವರಿಗೆ ಅರ್ಥವಿಲ್ಲದ ಉಚ್ಚಾರಗಳು ಕೇಳಿಸಿದರೂ ತಪ್ಪುಗಳು ಹೆಚ್ಚಿದವು. 1989ರಲ್ಲಿ ಅವರೇ ಸಂಗೀತವನ್ನೂ ಪರೀಕ್ಷಿಸಿದರು. ವಾದ್ಯಕ್ಕಿಂತ ಹಾಡುಗಾರಿಕೆಯ ಅಡ್ಡಿಯೇ ಹೆಚ್ಚೆಂದು ಕಂಡಿತು. ಬಾಯಿಪಾಠವಾಗಿರುವ ಸ್ತೋತ್ರದ ಕಥೆ ಇನ್ನೂ ಬೇರೆ: ಒಂದು ನಾಮ ಮುಗಿಯುವ ಮೊದಲೇ ನಾಲಿಗೆ ಮುಂದಿನದಕ್ಕೆ ಹೊರಟಿರುತ್ತದೆ. ವೀಣೆಯಲ್ಲಿ ನುಡಿಸಿದ್ದಾದರೂ ಅಷ್ಟೇ. ದಾಸರ ಪರಿಚಿತ ಪದವಾದರೆ ಪಲ್ಲವಿಯಿಂದ ಅಂಕಿತದವರೆಗೆ ಸಾಹಿತ್ಯವೆಲ್ಲ ತಲೆಯೊಳಗೆ ತಾನಾಗಿ ಓಡುತ್ತದೆ. ‘ವಾದ್ಯ ಸಂಗೀತ’ ಎಂದು ಬರೆದಿದೆ ಎಂಬ ಒಂದೇ ಕಾರಣಕ್ಕೆ ಆರಿಸಬೇಡಿ. ದೇವರ ಹಾಡನ್ನು ಅರ್ಧ ಕಿವಿಯಲ್ಲಿ ಕೇಳುವುದೂ ನನಗೆ ಸರಿ ಕಾಣುವುದಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಕೂತು ಕೇಳಿದರಾಯಿತು.

ಹಾಗಾದರೆ ಹಾಕಿಕೊಳ್ಳುವುದೇನು? ಮೊಬೈಲ್‌ಗೆ ಒಂದು ತಂಬೂರಿ ಆ್ಯಪ್ ಇಳಿಸಿಕೊಳ್ಳಿ; ಉಚಿತವಾದವೇ ಬೇಕಾದಷ್ಟಿವೆ. ತಗ್ಗಿನ ಶ್ರುತಿ ಇಡಿ. ಒಂದು ಮನೆ, ಅಂದರೆ ಆ್ಯಪ್‌ನಲ್ಲಿ ‘ಸಿ’ ಎಂದಿರುವುದು, ಹೆಚ್ಚಿನವರಿಗೆ ಹಿತ. ಪಂಚಮ, ಷಡ್ಜಗಳು ಸುತ್ತಿ ಸುತ್ತಿ ಬರುತ್ತವೆ. ಅದರಲ್ಲಿ ಪದವಿಲ್ಲ, ತಾಳವಿಲ್ಲ, ಮುಂದೇನು ಬಂದೀತೆಂದು ಕಾಯುವಂಥದ್ದೂ ಇಲ್ಲ. ಬರೀ ತಂಬೂರಿ ಬೇಸರವಾದರೆ ವೀಣೆ ಅಥವಾ ಕೊಳಲಿನ ಆಲಾಪನೆ ಆಗಬಹುದು. ಕಛೇರಿಯ ಧ್ವನಿಮುದ್ರಿಕೆ ಬೇಡ. ತನಿ ಆವರ್ತನ ಶುರುವಾದರೆ ಪೆನ್ನು ಮೇಜಿನ ಮೇಲೆ ತಾಳ ಹಾಕುತ್ತದೆ, ಕೊನೆಗೆ ಚಪ್ಪಾಳೆ ಬೇರೆ.

ಆಲಾಪನೆಯನ್ನು ಮೊದಲೇ ಡೌನ್‌ಲೋಡ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಕೈಗೆ ಸಿಗದಷ್ಟು ದೂರ ಇಡಿ. ನೆಟ್ ಹಚ್ಚಿಟ್ಟರೆ ರಾಗದ ನಡುವೆ ಸಾಲದ ಜಾಹೀರಾತು ಬರುತ್ತದೆ. ಪಕ್ಕದಲ್ಲಿ ಕೂತವರು ಮೆಲ್ಲಗೆ ಮಾತಾಡಿದರೂ ಕೇಳಿಸುವಷ್ಟೇ ಸದ್ದಿರಲಿ. ಲೆಕ್ಕ ತಾಳೆಯಾಗದೆ ಸಿಕ್ಕಿಕೊಂಡಾಗ ಅದನ್ನೂ ನಿಲ್ಲಿಸಿ. ಕಷ್ಟದ ಜಾಗಕ್ಕೆ ನಿಶ್ಶಬ್ದವೇ ಸರಿ.

ಇಂಥ ರಾಗದಿಂದ ಜ್ಞಾಪಕಶಕ್ತಿ, 432 ಹರ್ಟ್ಸ್‌ನಿಂದ ಬುದ್ಧಿಶಕ್ತಿ ಎಂಬ ವಾಟ್ಸ್‌ಆ್ಯಪ್ ಪಟ್ಟಿಗಳನ್ನು ನಂಬಬೇಡಿ. ಮೊಜಾರ್ಟ್ ಸಂಗೀತ ಕೇಳಿಸಿ ನಡೆಸಿದ, 1993ರಲ್ಲಿ ಭಾರೀ ಸುದ್ದಿಯಾದ ಪ್ರಯೋಗದಲ್ಲೂ ಫಲ ನಿಂತದ್ದು 10–15 ನಿಮಿಷ ಮಾತ್ರ.

ಇಯರ್‌ಫೋನ್ ಬಳಸುವವರಿಗೆ: ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಷಷ್ಠಿ ಜಾತ್ರೆಯ ದಿನಗಳಲ್ಲಿ ಮೈಕಿನ ಮುಂದೆ ಯಾವ ತಂಬೂರಿಯೂ ನಡೆಯದು. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧವಿರುವುದರಿಂದ ಓದನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ.