ಐರ್ಲೆಂಡಿನ ತೆರಿಗೆ ಸಲ್ಲಿಕೆ: ಲೆಕ್ಕಪತ್ರ ತಂತ್ರಾಂಶವನ್ನು ಕೊಳ್ಳುವ ಮುನ್ನ

ಐರೋಪ್ಯ ಒಕ್ಕೂಟದೊಳಗಿದ್ದೂ ಇಂಗ್ಲಿಷಿನಲ್ಲಿಯೇ ವ್ಯವಹರಿಸಬಹುದಾದ ದೇಶವೆಂಬ ಕಾರಣಕ್ಕೆ ಐರ್ಲೆಂಡಿನಲ್ಲಿ ಒಂದು ಚಿಕ್ಕ ಅಂಗಸಂಸ್ಥೆಯನ್ನು ತೆರೆಯುವ ವಿಚಾರ ನಮ್ಮ ರಫ್ತುದಾರರ ನಡುವೆ ಆಗಾಗ್ಗೆ ಕೇಳಿಬರುತ್ತದೆ. ಕಂಪನಿ ನೋಂದಣಿಯಾದ ಬಳಿಕ ಲೆಕ್ಕ ಪರಿಶೋಧಕರ ಮುಂದೆ ಬರುವ ಮೊದಲ ಪ್ರಶ್ನೆ, “ಯಾವ ಸಾಫ್ಟ್‌ವೇರ್ ಕೊಳ್ಳೋಣ ಸಾರ್?” ಎಂಬುದು. ಪ್ರಶ್ನೆ ಸಹಜವಾದರೂ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಆ ದೇಶದ ತೆರಿಗೆ ಇಲಾಖೆಗೆ ನಾವು ಯಾವ ಯಾವ ವಿವರಣ ಪತ್ರಗಳನ್ನು, ಯಾವ ದಿನಾಂಕದೊಳಗೆ, ಯಾರ ಸಹಿಯಡಿ ಸಲ್ಲಿಸಬೇಕು? ಇದಕ್ಕೆ ಉತ್ತರ ದೊರೆತರೆ ತಂತ್ರಾಂಶದ ಆಯ್ಕೆ ಅರ್ಧಕ್ಕಿಂತ ಹೆಚ್ಚು ಮುಗಿದಂತೆಯೇ.

ಐರ್ಲೆಂಡಿನ ತೆರಿಗೆ ಆಡಳಿತ ರೆವೆನ್ಯೂ ಕಮಿಷನರ್ಸ್ ಎಂಬ ಸಂಸ್ಥೆಯ ಕೈಯಲ್ಲಿದೆ. ಅದರ ಅಂತರಜಾಲ ಸೇವೆಯಾದ ರೆವೆನ್ಯೂ ಆನ್‌ಲೈನ್ ಸರ್ವಿಸ್, ಸಂಕ್ಷಿಪ್ತವಾಗಿ ‘ರಾಸ್’, 2000ನೇ ಇಸವಿಯಲ್ಲಿ ಆರಂಭವಾಯಿತು. ಕಂಪನಿಗಳು ಇದರ ಮೂಲಕವೇ ವಿವರಣ ಪತ್ರಗಳನ್ನು ಸಲ್ಲಿಸಬೇಕು. ಕಾಗದದ ನಮೂನೆಗೆ ಅವಕಾಶವಿಲ್ಲ. ನಮ್ಮ ಜಿಎಸ್‌ಟಿ ಜಾಲತಾಣವನ್ನು ಬಳಸಿ ಪಳಗಿದವರಿಗೆ ರಾಸ್ ಕಠಿಣವೆನಿಸಲಾರದು. ತೊಡಕಿರುವುದು ಬೇರೆಡೆ.

‘ಆನ್‌ಲೈನ್ ಸಲ್ಲಿಕೆ’ ಎಂಬ ಮಾತಿನ ಒಳಗುಟ್ಟು

ತಂತ್ರಾಂಶ ಮಾರಾಟಗಾರರ ಜಾಹೀರಾತುಗಳಲ್ಲೆಲ್ಲ ಕಾಣುವ ಈ ಮಾತಿಗೆ ವ್ಯವಹಾರದಲ್ಲಿ ಮೂರು ಅರ್ಥಗಳಿವೆ. ತಂತ್ರಾಂಶವೇ ರೆವೆನ್ಯೂ ಗಣಕದೊಡನೆ ನೇರವಾಗಿ ಮಾತನಾಡಿ ವಿವರಗಳನ್ನು ಸಲ್ಲಿಸಿ, ಸ್ವೀಕೃತಿಯನ್ನೂ ತಂದುಕೊಡುವುದು ಒಂದು. ರಾಸ್ ಒಪ್ಪುವ ಮಾದರಿಯ ಕಡತವನ್ನು ಸಿದ್ಧಪಡಿಸಿಕೊಟ್ಟು, ಅದನ್ನು ನಾವೇ ಏರಿಸಬೇಕಾದುದು ಇನ್ನೊಂದು. ಮೂರನೆಯದರಲ್ಲಿ ತಂತ್ರಾಂಶ ಒಂದು ವರದಿಯನ್ನಷ್ಟೇ ಕೊಡುತ್ತದೆ. ಅಂಕಿಗಳನ್ನು ನಾವು ಕೈಯಾರೆ ಬೆರಳಚ್ಚಿಸಬೇಕು. ಎರಡು ತಿಂಗಳಿಗೊಮ್ಮೆ ಹತ್ತು ಹನ್ನೆರಡು ಅಂಕಿಗಳನ್ನು ತುಂಬುವ ವ್ಯಾಟ್ ವಿವರಣ ಪತ್ರಕ್ಕೆ ಈ ಮೂರನೆಯ ವಿಧಾನವೂ ಸಾಕಾದೀತು. ಸಂಬಳದ ವಿಷಯದಲ್ಲಿ ಮಾತ್ರ ಮೊದಲನೆಯದಕ್ಕಿಂತ ಕಡಿಮೆಯದನ್ನು ಒಪ್ಪಬಾರದೆಂಬುದು ನನ್ನ ಅಭಿಪ್ರಾಯ.

ಕಾರಣವಿಷ್ಟು. 2019ರ ಜನವರಿ 1ರಿಂದ ಅಲ್ಲಿ ಸಂಬಳದ ತೆರಿಗೆ ಕಡಿತದ ವ್ಯವಸ್ಥೆ ಸಂಪೂರ್ಣ ಬದಲಾಯಿತು. ನಮ್ಮಲ್ಲಿ ಟಿಡಿಎಸ್ ವಿವರಣ ಪತ್ರವನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸುತ್ತೇವೆ. ಅಲ್ಲಿ ಪ್ರತಿಯೊಂದು ಸಂಬಳದ ವಿವರವೂ ಸಂಬಳ ಕೊಡುವ ದಿನ ಅಥವಾ ಅದಕ್ಕೆ ಮೊದಲೇ ರೆವೆನ್ಯೂಗೆ ತಲುಪಿರಬೇಕು. ಅದಕ್ಕೂ ಮುನ್ನ ಪ್ರತಿ ನೌಕರನ ತೆರಿಗೆ ವಿನಾಯಿತಿ ಮತ್ತು ದರಗಳ ಸೂಚನಾ ಪತ್ರವನ್ನು ರೆವೆನ್ಯೂ ಕಡೆಯಿಂದ ಇಳಿಸಿಕೊಳ್ಳಬೇಕು. ವಾರದ ಸಂಬಳ ಕೊಡುವ ಸಂಸ್ಥೆಯಾದರೆ ವರ್ಷಕ್ಕೆ 52 ಬಾರಿ ಈ ಕೆಲಸವಿದೆ. ಇದರ ಮೇಲೆ 2024ರ ಜನವರಿ 1ರಿಂದ ಇನ್ನೊಂದು ಬಾಧ್ಯತೆ ಸೇರಿತು: ತೆರಿಗೆ ಹಿಡಿಯದೆ ಕೊಡುವ ಪ್ರಯಾಣ ಭತ್ಯೆ, ಮನೆಯಿಂದ ಕೆಲಸ ಮಾಡುವವರ ದಿನಭತ್ಯೆ ಹಾಗೂ ಚಿಕ್ಕ ಉಡುಗೊರೆಗಳನ್ನೂ ಕೊಡುವ ದಿನದೊಳಗೆ ವರದಿ ಮಾಡಬೇಕು. ಇಲ್ಲಿಂದ ಹೋದ ಎಂಜಿನಿಯರನಿಗೆ ಊಟ ವಸತಿಯ ಖರ್ಚೆಂದು ಒಂದಿಷ್ಟು ಯೂರೋ ಕೊಟ್ಟು ಚೀಟಿ ಬರೆದಿಟ್ಟುಕೊಳ್ಳುವ ನಮ್ಮ ರೂಢಿ ಅಲ್ಲಿ ನಡೆಯದು.

ದರಗಳೂ ಏಪ್ರಿಲ್ ಅಥವಾ ಜನವರಿಗೆ ಮಾತ್ರ ಬದಲಾಗುತ್ತವೆ ಎಂದುಕೊಳ್ಳುವಂತಿಲ್ಲ. ನೌಕರ ಹಾಗೂ ಮಾಲೀಕರಿಬ್ಬರ ಸಾಮಾಜಿಕ ವಿಮಾ ವಂತಿಗೆಯ ದರ 2024ರ ಅಕ್ಟೋಬರ್ 1ರಂದು, ಪುನಃ 2025ರ ಅಕ್ಟೋಬರ್ 1ರಂದು, ತಲಾ ಶೇಕಡಾ 0.1ರಷ್ಟು ಏರಿತು. ವರ್ಷದ ನಡುವಿನ ಇಂತಹ ಬದಲಾವಣೆಯನ್ನು ಮಾರಾಟಗಾರ ತಾನಾಗಿ ಅಳವಡಿಸುತ್ತಾನೆಯೇ, ಅದಕ್ಕೆ ಪ್ರತ್ಯೇಕ ಶುಲ್ಕವಿದೆಯೇ ಎಂಬುದನ್ನು ಬರಹದಲ್ಲಿ ಪಡೆಯುವುದು ಒಳಿತು.

ವ್ಯಾಟ್: ತೆರಿಗೆ ಸಂಕೇತಗಳೇ ಜೀವಾಳ

ಅಲ್ಲಿನ ಮೌಲ್ಯವರ್ಧಿತ ತೆರಿಗೆಯ ಸಾಮಾನ್ಯ ದರ ಶೇಕಡಾ 23. ಅದರ ಕೆಳಗೆ 13.5, 9, ಜಾನುವಾರುಗಳಿಗೆ 4.8 ಹಾಗೂ ಶೂನ್ಯ ದರಗಳಿವೆ. ವ್ಯಾಟ್3 ಎಂಬ ವಿವರಣ ಪತ್ರವನ್ನು ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಸಲ್ಲಿಸಬೇಕು. ಜನವರಿ–ಫೆಬ್ರವರಿ ಅವಧಿಯ ಪತ್ರಕ್ಕೆ ಮಾರ್ಚ್ 19 ಗಡುವು. ಸಲ್ಲಿಕೆ ಹಾಗೂ ಪಾವತಿ ಎರಡೂ ರಾಸ್ ಮೂಲಕವಾದರೆ ಮಾರ್ಚ್ 23ರವರೆಗೆ ಸಮಯವಿದೆ. ಇದರೊಂದಿಗೆ ವರ್ಷಕ್ಕೊಮ್ಮೆ ವ್ಯಾಪಾರದ ದರವಾರು ವಿವರವನ್ನೂ ಕೊಡಬೇಕು. ಈ ವಾರ್ಷಿಕ ಪತ್ರವನ್ನು ಹಲವರು ಮರೆಯುತ್ತಾರೆ. ಕೆಲವು ಅಗ್ಗದ ತಂತ್ರಾಂಶಗಳೂ ಅದನ್ನು ಮರೆತಿರುತ್ತವೆ.

ದರ ಬದಲಾವಣೆಯ ಚರಿತ್ರೆ ಗಮನಾರ್ಹ. ಸಾಮಾನ್ಯ ದರವು 2020ರ ಸೆಪ್ಟೆಂಬರ್ 1ರಿಂದ 2021ರ ಫೆಬ್ರವರಿ 28ರವರೆಗೆ ಶೇಕಡಾ 21ಕ್ಕೆ ಇಳಿದು ಮತ್ತೆ 23ಕ್ಕೆ ಮರಳಿತು. ಉಪಾಹಾರ ಗೃಹಗಳ ಊಟ ತಿಂಡಿಯ ದರ 2020ರ ನವೆಂಬರಿನಲ್ಲಿ 9ಕ್ಕೆ ಇಳಿದು, 2023ರ ಸೆಪ್ಟೆಂಬರ್ 1ರಂದು 13.5ಕ್ಕೆ ಏರಿತು. 2025ರ ಅಕ್ಟೋಬರಿನ ಆಯವ್ಯಯದಲ್ಲಿ, 2026ರ ಜುಲೈ 1ರಿಂದ ಅದನ್ನು ಪುನಃ 9ಕ್ಕೆ ತರುವುದಾಗಿ ಪ್ರಕಟಿಸಲಾಯಿತು. ಹಳೆಯ ಬಿಲ್ಲಿಗೆ ಇಂದು ಕ್ರೆಡಿಟ್ ನೋಟ್ ಕೊಡುವಾಗ ಬಿಲ್ಲಿನ ದಿನದ ದರವೇ ಬರಬೇಕು. ಆದ್ದರಿಂದ ದರವನ್ನು ದಿನಾಂಕಕ್ಕೆ ಜೋಡಿಸಿಡದ ತಂತ್ರಾಂಶ ಅಲ್ಲಿನ ವ್ಯಾಪಾರಕ್ಕೆ ಯೋಗ್ಯವಲ್ಲ.

ನಮ್ಮ ತಯಾರಕರಿಗೆ ನೇರವಾಗಿ ಸಂಬಂಧಿಸಿದ ಸಂಗತಿಯನ್ನು ಒಂದು ಉದಾಹರಣೆಯಿಂದ ನೋಡೋಣ. ಪೀಣ್ಯದ ಒಂದು ಕಾರ್ಖಾನೆ ತನ್ನ ಡಬ್ಲಿನ್ ಅಂಗಸಂಸ್ಥೆಗೆ 20,000 ಯೂರೋ ಮೌಲ್ಯದ ಬಿಡಿಭಾಗಗಳನ್ನು ಕಳುಹಿಸಿತು, ಅಲ್ಲಿ 500 ಯೂರೋ ಸುಂಕ ಬಿತ್ತು, ಬೇರೆ ವೆಚ್ಚಗಳಿಲ್ಲ ಎಂದಿಟ್ಟುಕೊಳ್ಳಿ. ಬ್ರೆಕ್ಸಿಟ್ ನಂತರ, 2021ರ ಜನವರಿಯಿಂದ, ಆಮದಿನ ವ್ಯಾಟನ್ನು ಬಂದರಿನಲ್ಲಿ ನಗದಾಗಿ ಕಟ್ಟದೆ ವ್ಯಾಟ್3ರಲ್ಲಿಯೇ ಲೆಕ್ಕ ತೋರಿಸುವ ಮುಂದೂಡಿಕೆ ಸೌಲಭ್ಯ ಬಂದಿದೆ. 20,500 ಯೂರೋ ಮೇಲೆ ಶೇಕಡಾ 23ರಂತೆ 4,715 ಯೂರೋ ತೆರಿಗೆ. ಇದು ಮಾರಾಟ ತೆರಿಗೆಯ ಟಿ1 ಅಂಕಣದಲ್ಲಿಯೂ, ಪೂರ್ಣ ಕ್ರೆಡಿಟ್ ಅರ್ಹತೆಯಿದ್ದಲ್ಲಿ ಖರೀದಿ ತೆರಿಗೆಯ ಟಿ2 ಅಂಕಣದಲ್ಲಿಯೂ ಬರಬೇಕು. 20,500 ಯೂರೋ ಮೌಲ್ಯ ಪಿಎ1 ಎಂಬ ಅಂಕಣದಲ್ಲಿ ಕಾಣಿಸಬೇಕು. ಕಟ್ಟಬೇಕಾದ ನಿವ್ವಳ ಮೊತ್ತ ಸೊನ್ನೆಯೇ. ಆದರೆ ತಂತ್ರಾಂಶದಲ್ಲಿ ಪಿಎ1ಕ್ಕೆ ಸಂಕೇತವಿಲ್ಲದಿದ್ದರೆ ಸುಂಕ ಇಲಾಖೆಯ ದಾಖಲೆಗೂ ವ್ಯಾಟ್3ಕ್ಕೂ ತಾಳೆಯಾಗದು, ವಿಚಾರಣಾ ಪತ್ರ ಬಂದೀತು.

ಅದೇ ಕಾರ್ಖಾನೆ ನಕ್ಷೆ ವಿನ್ಯಾಸದ ಸೇವೆಗಾಗಿ ಅಂಗಸಂಸ್ಥೆಗೆ 6,000 ಯೂರೋ ಬಿಲ್ಲು ಮಾಡಿದರೆ ಅದು ರಿವರ್ಸ್ ಚಾರ್ಜ್. 1,380 ಯೂರೋ ಟಿ1 ಮತ್ತು ಟಿ2 ಎರಡರಲ್ಲೂ ಬರುತ್ತದೆ. ಆದರೆ ಇಎಸ್2 ಅಂಕಣದಲ್ಲಿ ಬರಕೂಡದು. ಆ ಅಂಕಣ ಒಕ್ಕೂಟದ ಇತರ ದೇಶಗಳಿಂದ ಪಡೆದ ಸೇವೆಗಳಿಗೆ ಮಾತ್ರ ಮೀಸಲು. ಗುಮಾಸ್ತರು ‘ವಿದೇಶೀ ಸೇವೆ’ ಎಂದು ಕಂಡ ಮೊದಲ ಸಂಕೇತವನ್ನೇ ಒತ್ತಿದರೆ ಭಾರತವೂ ಐರೋಪ್ಯ ಒಕ್ಕೂಟಕ್ಕೆ ಸೇರಿಬಿಡುತ್ತದೆ! ಆದಕಾರಣ ಕೊಳ್ಳುವ ಮುನ್ನ ಮಾರಾಟಗಾರನಿಗೆ ಈ ಎರಡು ಬಿಲ್ಲುಗಳನ್ನು ಕೊಟ್ಟು, ನಮ್ಮ ಕಣ್ಣೆದುರಿಗೇ ನಮೂದಿಸಿ ವ್ಯಾಟ್3 ತೆಗೆದು ತೋರಿಸುವಂತೆ ಹೇಳಬೇಕು. ಅರ್ಧ ಗಂಟೆಯ ಈ ಪರೀಕ್ಷೆ, ನೂರು ಪುಟದ ಕೈಪಿಡಿ ತಿಳಿಸದುದನ್ನು ತಿಳಿಸುತ್ತದೆ.

ಯಾವ ತಂತ್ರಾಂಶವೂ ನಿರ್ಧರಿಸಲಾರದ ವಿಷಯಗಳೂ ಇವೆ. ಸಾಮಗ್ರಿಯೊಡನೆ ಸೇವೆಯನ್ನು ಒದಗಿಸುವಾಗ ಸಾಮಗ್ರಿಯ ವೆಚ್ಚ ಒಟ್ಟು ಬೆಲೆಯ ಮೂರನೆಯ ಎರಡು ಭಾಗವನ್ನು ಮೀರಿದರೆ ಇಡೀ ಬಿಲ್ಲಿಗೆ ಸಾಮಗ್ರಿಯ ದರ ಅನ್ವಯಿಸುತ್ತದೆ. ಇದನ್ನು ಮನುಷ್ಯನೇ ನೋಡಬೇಕು.

ನಾಲ್ಕು ಮಾತು ಹೆಸರುಗಳ ಕುರಿತು

ನಮ್ಮ ಬೆಂಗಳೂರಿನದೇ ಆದ ಟ್ಯಾಲಿ ಎಲ್ಲರ ಕೈಗೂ ಒಗ್ಗಿದೆ. ಅದರಲ್ಲಿಯೇ ಡಬ್ಲಿನ್ ಲೆಕ್ಕವನ್ನೂ ಬರೆಯಬಹುದಲ್ಲವೇ ಎಂದು ಕೇಳುವವರುಂಟು. ಖಾತೆ ಪುಸ್ತಕ ಬರೆಯಬಹುದು, ಇಲ್ಲವೆನ್ನಲಾಗದು. ಆದರೆ ನಾವಿಲ್ಲಿ ಬಳಸುವ ಆವೃತ್ತಿ ಜಿಎಸ್‌ಟಿ, ಟಿಡಿಎಸ್‌ಗಳಿಗಾಗಿ ರೂಪುಗೊಂಡದ್ದು. ಐರಿಶ್ ಸಂಬಳದ ವರದಿಯನ್ನು ಅದರಿಂದ ನಿರೀಕ್ಷಿಸುವುದು ತರವಲ್ಲ. ಸೇಜ್, ಝೀರೋ ಮುಂತಾದ ಅಂತರರಾಷ್ಟ್ರೀಯ ಹೆಸರುಗಳೂ, ಬಿಗ್ ರೆಡ್ ಕ್ಲೌಡ್‌ನಂತಹ ಸ್ಥಳೀಯ ಹೆಸರುಗಳೂ, ಸಂಬಳಕ್ಕೆಂದೇ ಇರುವ ಬ್ರೈಟ್‌ಪೇಯಂತಹವೂ ಅಲ್ಲಿ ಪರಿಚಿತ. ಇಂತಹದೇ ಶ್ರೇಷ್ಠವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಖಾತೆಗೆ ಒಂದು, ಸಂಬಳಕ್ಕೆ ಮತ್ತೊಂದು ಇಟ್ಟುಕೊಳ್ಳುವುದರಲ್ಲಿ ಯಾವ ದೋಷವೂ ಇಲ್ಲ.

ಎಚ್ಚರ ವಹಿಸಬೇಕಾದುದು ‘ಯುಕೆ ಮತ್ತು ಐರ್ಲೆಂಡ್’ ಎಂಬ ಜೋಡಿ ಪದದಲ್ಲಿ. ಬ್ರಿಟನ್ನಿನ ‘ಮೇಕಿಂಗ್ ಟ್ಯಾಕ್ಸ್ ಡಿಜಿಟಲ್’ ಯೋಜನೆಗೆ ಮಾನ್ಯತೆ ಪಡೆದ ತಂತ್ರಾಂಶವೆಂದರೆ ಅದು ಲಂಡನ್ನಿನ ಇಲಾಖೆಗೆ ಸಲ್ಲುತ್ತದೆ. ಡಬ್ಲಿನ್ನಿನ ರೆವೆನ್ಯೂಗೆ ಅದರಿಂದ ಪ್ರಯೋಜನವಿಲ್ಲ. ಬೆಲ್‌ಫಾಸ್ಟ್ ಬ್ರಿಟನ್ನಿನ ತೆರಿಗೆ ವ್ಯಾಪ್ತಿಯಲ್ಲಿದೆ, ಕಾರ್ಕ್ ಐರ್ಲೆಂಡ್ ಗಣರಾಜ್ಯದ ವ್ಯಾಪ್ತಿಯಲ್ಲಿದೆ ಎಂಬುದನ್ನು ಮರೆಯಬಾರದು.

ಕಂಪನಿ ತೆರಿಗೆ

ವ್ಯಾಪಾರದ ಲಾಭಕ್ಕೆ ಶೇಕಡಾ 12.5, ಬಡ್ಡಿ ಬಾಡಿಗೆ ಮುಂತಾದ ವ್ಯಾಪಾರೇತರ ಆದಾಯಕ್ಕೆ 25. ಲೆಕ್ಕ ವರ್ಷವನ್ನು ಭಾರತದ ಮಾತೃಸಂಸ್ಥೆಗೆ ಹೊಂದುವಂತೆ ಮಾರ್ಚ್ 31ಕ್ಕೆ ಇಟ್ಟುಕೊಂಡರೆ, ಸಿಟಿ1 ಎಂಬ ವಿವರಣ ಪತ್ರಕ್ಕೆ ರಾಸ್ ಮೂಲಕ ಡಿಸೆಂಬರ್ 23 ಗಡುವು. ಮುಂಗಡ ತೆರಿಗೆಯನ್ನು ಅದಕ್ಕೂ ಹತ್ತು ತಿಂಗಳು ಮೊದಲು, ಫೆಬ್ರವರಿ 23ರೊಳಗೆ, ಕಟ್ಟಿರಬೇಕು. ಹಿಂದಿನ ವರ್ಷದ ತೆರಿಗೆ 2 ಲಕ್ಷ ಯೂರೋ ಮೀರದ ಚಿಕ್ಕ ಕಂಪನಿಗಳು ಆ ವರ್ಷದ ಮೊತ್ತವನ್ನೇ ಆಧಾರವಾಗಿಟ್ಟುಕೊಳ್ಳಬಹುದು. ಸಿಟಿ1 ತಡವಾದರೆ ಎರಡು ತಿಂಗಳೊಳಗೆ ತೆರಿಗೆಯ ಶೇಕಡಾ 5ರಷ್ಟು, ಗರಿಷ್ಠ 12,695 ಯೂರೋ, ಅನಂತರ ಶೇಕಡಾ 10ರಷ್ಟು, ಗರಿಷ್ಠ 63,485 ಯೂರೋ ಮೇಲ್ತೆರಿಗೆ ಬೀಳುತ್ತದೆ. ಚಿಕ್ಕ ಕಂಪನಿಯ ವರ್ಷದ ಲಾಭದಲ್ಲಿ ಇದು ಅಲ್ಪವೇನಲ್ಲ.

ಸಾಮಾನ್ಯ ಖಾತೆ ತಂತ್ರಾಂಶದಿಂದ ಸಿಟಿ1 ಹೊರಬರುವುದೆಂದು ನಂಬಿ ಕುಳಿತುಕೊಳ್ಳಬಾರದು. ಹಣಕಾಸು ಪಟ್ಟಿಗಳನ್ನು ಐಎಕ್ಸ್‌ಬಿಆರ್‌ಎಲ್ ಎಂಬ ಗುರುತುಪಟ್ಟಿ ಮಾದರಿಯಲ್ಲಿ ಸಲ್ಲಿಸುವ ನಿಯಮವಿದೆ. ಆಸ್ತಿ 44 ಲಕ್ಷ ಯೂರೋ, ವಹಿವಾಟು 88 ಲಕ್ಷ ಯೂರೋ, ನೌಕರರು 50, ಈ ಮೂರೂ ಮಿತಿಗಳೊಳಗಿರುವ ಕಂಪನಿಗಳಿಗೆ ವಿನಾಯಿತಿಯಿದೆ. ಈ ಭಾಗವನ್ನು ಅಲ್ಲಿನ ಲೆಕ್ಕಿಗರಿಗೆ ವಹಿಸುವುದೇ ಲೇಸು. ನಾವು ನೋಡಿಕೊಳ್ಳಬೇಕಾದುದು, ಅವರು ಬಳಸುವ ತಂತ್ರಾಂಶಕ್ಕೆ ನಮ್ಮ ತಾಳೆಪಟ್ಟಿ ನೇರವಾಗಿ ಹೋಗುವಂತಿದೆಯೇ ಎಂಬುದಷ್ಟೆ. ಕಂಪನಿ ನೋಂದಣಿ ಕಚೇರಿಯ ವಾರ್ಷಿಕ ಪತ್ರ ಇವೆಲ್ಲಕ್ಕಿಂತ ಬೇರೆ. ಅದರ ಜಾಲತಾಣವೂ ಬೇರೆ.

ಕೀಲಿಕೈ ಯಾರ ಬಳಿ?

ರಾಸ್ ಪ್ರವೇಶಕ್ಕೆ ಡಿಜಿಟಲ್ ಪ್ರಮಾಣಪತ್ರ ಬೇಕು. ಅದು ಗಣಕದಲ್ಲಿ ಉಳಿಸಿಕೊಳ್ಳುವ ಒಂದು ಕಡತ, ಜೊತೆಗೊಂದು ಗುಪ್ತಪದ. ಸಂಬಳದ ತಂತ್ರಾಂಶ ಕೆಲಸ ಮಾಡುವುದೂ ಇದರ ಆಧಾರದಲ್ಲಿಯೇ. ಎರಡು ವರ್ಷಕ್ಕೊಮ್ಮೆ ಇದನ್ನು ನವೀಕರಿಸಬೇಕು. ಮರೆತರೆ ಸಂಬಳದ ದಿನ ಬೆಳಿಗ್ಗೆಯೇ ಅದು ನೆನಪಾಗುತ್ತದೆ. ನನ್ನ ಅನುಭವದಲ್ಲಿ ತೆರಿಗೆಯ ತಪ್ಪುಗಳಿಗಿಂತ ಹೆಚ್ಚು ಮನಸ್ತಾಪಗಳು ಹುಟ್ಟುವುದು ಕೀಲಿಕೈಯ ವಿಷಯದಲ್ಲಿ. ಕೆಲಸ ಬಿಟ್ಟುಹೋದ ಗುಮಾಸ್ತನ ಗಣಕದಲ್ಲಿ ಪ್ರಮಾಣಪತ್ರ, ಅವನ ಸ್ವಂತ ಮಿಂಚಂಚೆಗೆ ರೆವೆನ್ಯೂ ಸೂಚನೆಗಳು, ಇಲ್ಲಿ ಮಾಲೀಕನಿಗೆ ಏನೂ ತಿಳಿಯದು ಎಂಬ ಸ್ಥಿತಿ ಬರಬಾರದು. ಮುಖ್ಯ ಪ್ರಮಾಣಪತ್ರ ನಿರ್ದೇಶಕರ ಸುಪರ್ದಿನಲ್ಲಿರಲಿ. ನೌಕರರಿಗೆ ಸೀಮಿತ ಅಧಿಕಾರದ ಉಪ-ಪ್ರಮಾಣಪತ್ರ ಕೊಡುವ ಅವಕಾಶ ರಾಸ್‌ನಲ್ಲಿಯೇ ಇದೆ. ತೆರಿಗೆ ಪ್ರತಿನಿಧಿಗಳು ತಮ್ಮದೇ ಪ್ರಮಾಣಪತ್ರದಿಂದ ಪ್ರವೇಶಿಸುತ್ತಾರೆ. ನಮ್ಮದನ್ನು ಕೇಳುವ ಪ್ರತಿನಿಧಿಗೆ ಏಕೆಂದು ಕೇಳಬೇಕು.

ದಾಖಲೆಗಳನ್ನು 6 ವರ್ಷ ಉಳಿಸಬೇಕೆಂಬುದು ಅಲ್ಲಿನ ನಿಯಮ. ತಿಂಗಳ ಬಾಡಿಗೆಯ ತಂತ್ರಾಂಶದಲ್ಲಿ ಬಾಡಿಗೆ ನಿಂತ ದಿನ ಪುಸ್ತಕಗಳ ಗತಿಯೇನು, ಎಲ್ಲ ಖಾತೆಗಳನ್ನೂ ಇಳಿಸಿಕೊಳ್ಳಲು ಎಷ್ಟು ದಿನದ ಅವಕಾಶವಿದೆ ಎಂಬ ಷರತ್ತನ್ನು ಓದಿಯೇ ಸಹಿ ಮಾಡಬೇಕು. ಪ್ರತಿ ನಮೂದಿನ ತಿದ್ದುಪಡಿಯ ಜಾಡು ಉಳಿಯುವಂತಿರಬೇಕೆಂಬುದು ನಮ್ಮ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಕಡ್ಡಾಯ. ಅಲ್ಲಿನ ಅಂಗಸಂಸ್ಥೆಯಲ್ಲಿಯೂ ಅದೇ ಶಿಸ್ತನ್ನು ಇಟ್ಟುಕೊಂಡರೆ ಕ್ರೋಡೀಕೃತ ಲೆಕ್ಕದ ಸಮಯದಲ್ಲಿ ಪರಿಶೋಧಕರ ಪ್ರಶ್ನೆಗಳು ಕಡಿಮೆಯಾಗುತ್ತವೆ.

ಇನ್ನು ದೀರ್ಘಾವಧಿಯ ಒಪ್ಪಂದದ ಪ್ರಶ್ನೆ. ಐರೋಪ್ಯ ಒಕ್ಕೂಟ 2025ರ ಮಾರ್ಚಿನಲ್ಲಿ ಅಂಗೀಕರಿಸಿದ ನಿಯಮಗಳಂತೆ 2030ರ ಜುಲೈ 1ರಿಂದ ಸದಸ್ಯ ದೇಶಗಳ ನಡುವಿನ ವ್ಯಾಪಾರಕ್ಕೆ ಇ-ಇನ್‌ವಾಯ್ಸ್ ಕಡ್ಡಾಯವಾಗಲಿದೆ. ಐರ್ಲೆಂಡ್ ತನ್ನ ಆಂತರಿಕ ವ್ಯವಹಾರಕ್ಕೆ 2028ರ ನವೆಂಬರಿನಿಂದ ದೊಡ್ಡ ಕಂಪನಿಗಳೊಡನೆ ಆರಂಭಿಸಿ ಹಂತಹಂತವಾಗಿ ಜಾರಿಗೊಳಿಸುವುದಾಗಿ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಬಿಲ್ಲು ಕೊಡುವ ಸರದಿ ಚಿಕ್ಕವರಿಗೆ ತಡವಾಗಿ ಬಂದರೂ, ದೊಡ್ಡವರು ಕಳುಹಿಸುವ ಇ-ಇನ್‌ವಾಯ್ಸನ್ನು ಸ್ವೀಕರಿಸುವ ಸಾಮರ್ಥ್ಯ ಮೊದಲ ಹಂತದಿಂದಲೇ ಬೇಕಾಗುತ್ತದೆ. ಈ ಬಗ್ಗೆ ಸ್ಪಷ್ಟ ಉತ್ತರ ಕೊಡದ ಮಾರಾಟಗಾರನೊಡನೆ ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಒಪ್ಪಂದ ಮಾಡಿಕೊಳ್ಳುವುದು ಬೇಡ, ರಿಯಾಯಿತಿ ಎಷ್ಟೇ ಆಕರ್ಷಕವಾಗಿರಲಿ.