ಎರಡು ವಿಳಾಸ, ಒಂದೇ ಕೀಲಿ

ಸದಸ್ಯ ಬಾಂಧವರಲ್ಲಿ ಅನೇಕರ ಮಕ್ಕಳು ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಹತ್ತಾರು ಮಂದಿ ಬೇರೆ ಬೇರೆ ಊರುಗಳಲ್ಲಿ ಕುಳಿತು ಒಂದೇ ಪ್ರೋಗ್ರಾಂ ಬರೆಯುವುದು ಹೇಗೆಂದು ನಮ್ಮನ್ನು ಕೇಳುವವರುಂಟು. ಅದಕ್ಕಾಗಿಯೇ ಇರುವ ಸಾಧನಗಳಲ್ಲಿ ಗಿಟ್‌ಲ್ಯಾಬ್ ಒಂದು. ಯಾರು ಯಾವ ಸಾಲು ಬರೆದರು, ಯಾರು ತಿದ್ದಿದರು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. 2011ರಲ್ಲಿ ಉಕ್ರೇನಿನ ದ್ಮಿತ್ರೋ ಝಪೊರೊಝೆಟ್ಸ್ ಎಂಬವರು ಇದನ್ನು ಆರಂಭಿಸಿದಾಗ ಅವರ ಮನೆಗೆ ನಲ್ಲಿಯ ನೀರೂ ಇರಲಿಲ್ಲವಂತೆ. ಊರ ಬಾವಿಯಿಂದ ಹೊತ್ತು ತರಬೇಕಿತ್ತು.

ಈ ಉಗ್ರಾಣದ ಬಾಗಿಲಲ್ಲೇ 2023ರ ಮೇ ತಿಂಗಳಲ್ಲಿ ಒಂದು ದೋಷ ನುಸುಳಿತು. ಪಾಸ್‌ವರ್ಡ್ ಮರೆತವರು ತಮ್ಮ ಎರಡನೆಯ ಇ-ಮೇಲ್ ವಿಳಾಸಕ್ಕೂ ಹೊಸದನ್ನು ತರಿಸಿಕೊಳ್ಳಲಿ ಎಂಬ ಅನುಕೂಲ ಮಾಡಿಕೊಟ್ಟರು. ಉಪಕಾರಕ್ಕೆಂದು ತೆರೆದ ಕಿಂಡಿಯೇ ಕಳ್ಳನಿಗೆ ದಾರಿಯಾಯಿತು. ಕೋರಿಕೆಯಲ್ಲಿ ಎರಡು ವಿಳಾಸ ಸೇರಿಸಿ ಕಳುಹಿಸಿದರೆ, ನಿಜವಾದ ವಿಳಾಸದಿಂದ ಖಾತೆಯನ್ನು ಗುರುತಿಸಿ, ಪಾಸ್‌ವರ್ಡ್ ಬದಲಿಸುವ ಕೊಂಡಿಯನ್ನು ಯಂತ್ರವು ಎರಡಕ್ಕೂ ರವಾನಿಸುತ್ತಿತ್ತು! ಗೋದಾಮಿನ ಕೀಲಿ ಕೇಳಿ ಬಂದ ಚೀಟಿಯಲ್ಲಿ ಮೊದಲ ಹೆಸರು ಸದಸ್ಯರದೆಂದು ಕಂಡ ಗುಮಾಸ್ತರು, ಅದರ ಕೆಳಗೆ ಹೆಸರು ಬರೆದ ಅಪರಿಚಿತನಿಗೂ ಒಂದು ಕೀಲಿ ಕೊಟ್ಟಂತೆ.

ಖಾತೆದಾರನಿಂದ ಯಾವ ತಪ್ಪೂ ನಡೆಯಬೇಕಿರಲಿಲ್ಲ. ಆದ್ದರಿಂದಲೇ ಅಪಾಯದ ಅಳತೆಯಲ್ಲಿ ಇದಕ್ಕೆ ಹತ್ತಕ್ಕೆ ಹತ್ತು ಬಿತ್ತು. ಹೀಗೆ ಒಳಹೊಕ್ಕವನು ಕದ್ದು ಒಯ್ಯುವುದಕ್ಕಿಂತ, ನಂಬಿಕಸ್ತನ ಹೆಸರಿನಲ್ಲಿ ನಾಲ್ಕು ಕೆಟ್ಟ ಸಾಲು ಸೇರಿಸಿ ಹೋಗುವುದೇ ಹೆಚ್ಚು ಘೋರವೆಂದು ನಮ್ಮ ಅಭಿಪ್ರಾಯ. ನರ್ಸರಿಯಲ್ಲೇ ರೋಗ ತಗಲಿದ ಸಸಿ ಎಷ್ಟು ತೋಟಗಳಿಗೆ ಹೋಗುತ್ತದೆಂಬುದು ಬೆಳೆಗಾರರಿಗೆ ಗೊತ್ತು.

2024ರ ಜನವರಿ 11ರಂದು ಸಂಸ್ಥೆಯು ತಿದ್ದುಪಡಿಯನ್ನು ಹೊರತಂದಿತು. ತಾನೇ ನಡೆಸುವ ತಾಣವನ್ನು ಅಷ್ಟರಲ್ಲೇ ಸರಿಪಡಿಸಿತ್ತು. ಆದರೆ ಎಷ್ಟೋ ಕಂಪನಿಗಳು ಗಿಟ್‌ಲ್ಯಾಬನ್ನು ಸ್ವಂತ ಸರ್ವರಿನಲ್ಲಿ ಇರಿಸಿಕೊಂಡಿರುತ್ತವೆ. ಅಲ್ಲಿ ತಿದ್ದುಪಡಿಯನ್ನು ಅವರೇ ಹಾಕಿಕೊಳ್ಳಬೇಕು. ಸೊಸೈಟಿಗೆ ಮೈಲುತುತ್ತ ಬಂದ ಮಾತ್ರಕ್ಕೆ ಕೊಳೆರೋಗ ನಿಲ್ಲುತ್ತದೆಯೇ? ಆ ತಿಂಗಳ ಕೊನೆಯ ವಾರಗಳಲ್ಲೂ 5,000ಕ್ಕೂ ಹೆಚ್ಚು ಸರ್ವರುಗಳು ಹಾಗೆಯೇ ತೆರೆದಿದ್ದವು. ಮೇ 1ರಂದು ಅಮೆರಿಕದ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆಯು, ದಾಳಿಗೆ ಬಳಕೆಯಾಗಿರುವ ದೋಷಗಳ ಪಟ್ಟಿಗೆ ಇದನ್ನೂ ಸೇರಿಸಿತು.

ಪಾಸ್‌ವರ್ಡಿನ ಜೊತೆಗೆ ಮೊಬೈಲಿನ ಸಂಖ್ಯೆಯನ್ನೂ ಕೊಟ್ಟು ಒಳಹೋಗುವ ಏರ್ಪಾಟು ಮಾಡಿಕೊಂಡವರು ಮಾತ್ರ ಪಾರಾದರು. ಅವರ ಪಾಸ್‌ವರ್ಡನ್ನೂ ಕಳ್ಳ ಬದಲಿಸಬಹುದಿತ್ತು, ನಿಜ. ಒಳಗೆ ಕಾಲಿಡಲು ಬೇಕಾದ ಸಂಖ್ಯೆ ಖಾತೆದಾರನ ಜೇಬಿನಲ್ಲಿತ್ತು.