ತುರ್ಕಿಯ ವರ್ತಕ ಮಹಾಮಂಡಲ: ಒಂದು ವಿಚಾರ

ಧರ್ಮಕಾರ್ಯಕ್ಕೆ ಧನವು ಬೇಕು; ಧನವಂತನಿಗೂ ಧರ್ಮದ ಆಶ್ರಯ ಬೇಕು. ಇವೆರಡೂ ಒಂದೇ ಸಂಸ್ಥೆಯಲ್ಲಿ ಬೆರೆತಾಗ ಏನಾಗುವುದೆಂಬುದನ್ನು ಅರಿಯಲಿಚ್ಛಿಸುವ ವಾಚಕರು ತುರ್ಕಿಯ 'ತುಸ್ಕೋನ್' ಎಂಬ ಉದ್ಯಮಿಗಳ ಮಹಾಮಂಡಲದ ವೃತ್ತಾಂತವನ್ನು ಪರ್ಯಾಲೋಚಿಸಬೇಕು.

ಈ ಮಂಡಲವು 2005ರಲ್ಲಿ ಹುಟ್ಟಿತು. ಏಳು ಪ್ರಾಂತೀಯ ಒಕ್ಕೂಟಗಳು ಇದರಲ್ಲಿ ಸೇರಿದ್ದವು. ಇಸ್ತಾಂಬುಲದ ಹಿರಿಯ ಬಂಡವಳಿಗರಿಗೆ 1971ರಿಂದಲೇ ಬೇರೆ ಸಂಘವಿತ್ತು. ಇದಾದರೋ ಬಹುಮಟ್ಟಿಗೆ ಅನಾತೋಲಿಯದ ಊರುಗಳ ಮಧ್ಯಮ ತರದ ಕಾರ್ಖಾನೆದಾರರದು, ವ್ಯಾಪಾರಿಗಳದು. ಇವರಲ್ಲಿ ಅನೇಕರು ಫೆತುಲ್ಲಾ ಗುಲೆನ್ ಎಂಬ ಧರ್ಮೋಪದೇಶಕರ ಅನುಯಾಯಿಗಳು. ಆ ಚಳವಳಿಯ ಹೆಸರು 'ಹಿಜ್ಮೆತ್', ಎಂದರೆ ಸೇವೆ. ಉರ್ದುವಿನ 'ಖಿದ್ಮತ್' ಇದೇ ಶಬ್ದ.

ಮಸೀದಿಗಳು ಸಾಕಷ್ಟಿವೆ, ಶಾಲೆಗಳನ್ನು ಕಟ್ಟಿರಿ ಎಂಬುದು ಅವರ ಬೋಧೆಯ ತಿರುಳು. ವರ್ತಕರು ಸಂಜೆ ಕೂಡಿ ಧರ್ಮಪ್ರಸಂಗವನ್ನಾಲಿಸಿ, ಬಳಿಕ 'ಹಿಮ್ಮೆತ್' ಎಂಬ ಕಾಣಿಕೆಯನ್ನು ಸಭೆಯಲ್ಲಿಯೇ ವಾಗ್ದಾನ ಮಾಡುತ್ತಿದ್ದರು. ಆ ಹಣದಿಂದ ಮಧ್ಯ ಏಷ್ಯ, ಆಫ್ರಿಕಗಳಲ್ಲಿಯೂ ಶಾಲೆಗಳೆದ್ದವು. ಉಪಾಧ್ಯಾಯನು ಹೋದಲ್ಲಿಗೆ ವ್ಯಾಪಾರಿಯೂ ಹೋದನು. 2006ರಲ್ಲಿ ತುಸ್ಕೋನ್ ಇಸ್ತಾಂಬುಲಿಗೆ ಆಫ್ರಿಕದ ವರ್ತಕರನ್ನು ಕರೆಸಿ ವಾಣಿಜ್ಯ ಸಮ್ಮೇಳನ ನಡೆಸಿತು. ಇಲ್ಲೊಂದು ಸಂದೇಹ ಸಹಜ. ತನ್ನ ಸರಕನ್ನು ಕೊಳ್ಳಬಲ್ಲವರ ನಡುವೆ ಕುಳಿತು ನುಡಿದ ದಾನದಲ್ಲಿ ಭಕ್ತಿಯೆಷ್ಟು, ಲೆಕ್ಕಾಚಾರವೆಷ್ಟು? ಕೊಟ್ಟವನಿಗೂ ಅದು ತಿಳಿದಿರಲಾರದು. ಆದರೆ ಶಾಲೆಯಲ್ಲಿ ಕಲಿತ ಮಗುವಿನ ಕಲಿಕೆ ಸುಳ್ಳಲ್ಲ.

ಮೊದಲು ಎರ್ದೋವಾನರ ಸರ್ಕಾರಕ್ಕೂ ಇವರಿಗೂ ಮೈತ್ರಿಯಿತ್ತು. ಚಳವಳಿಯವರು ಪೋಲೀಸು, ನ್ಯಾಯಾಂಗಗಳಲ್ಲಿ ಗುಪ್ತವಾಗಿ ನೆಲೆಯೂರುತ್ತಿದ್ದಾರೆಂಬ ಆಕ್ಷೇಪವೂ ಬಹುಕಾಲದ್ದು. ಸೇವೆಯೆಂಬ ಹೆಸರಿನವರಿಗೆ ಗುಟ್ಟೇಕೆ ಎಂದು ಕೇಳಿದವರಿಗೆ ಸಮಾಧಾನಕರ ಉತ್ತರ ದೊರೆಯಲಿಲ್ಲ. 2013ರಲ್ಲಿ ಮೈತ್ರಿ ಮುರಿಯಿತು. 2016ರ ಜುಲೈ 15ರ ಸೈನಿಕ ದಂಗೆಯ ಯತ್ನವನ್ನು ಸರ್ಕಾರವು ಗುಲೆನರ ಮೇಲೆ ಹೊರಿಸಿತು. 2024ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ತೀರಿಕೊಳ್ಳುವವರೆಗೂ ಅವರು ಅದನ್ನು ಅಲ್ಲಗಳೆದರು.

ತುಸ್ಕೋನ್ 2016ರಲ್ಲಿಯೇ ಮುಚ್ಚಿಹೋಯಿತು. ನೂರಾರು ಉದ್ಯಮಗಳು ಸರ್ಕಾರಿ ನಿಧಿಯ ವಶವಾದವು. ದಂಗೆಯ ಗಂಧವೇ ಇಲ್ಲದ ಜನರೂ ಸೆರೆಮನೆ ಸೇರಿದರು. ನಿನ್ನೆ ಪುಣ್ಯವೆನಿಸಿದ್ದ ಕಾಣಿಕೆ ಇಂದು ನ್ಯಾಯಾಲಯದಲ್ಲಿ ಅಪರಾಧದ ಸಾಕ್ಷ್ಯವಾಯಿತು. ಚಳವಳಿಗೆ ಸೇರಿದ ಬ್ಯಾಂಕಿನಲ್ಲಿ ಹಣವಿಟ್ಟುದೂ ಸಾಕ್ಷ್ಯವಾಯಿತು. ಅಂಥ ಸಾಕ್ಷ್ಯಗಳ ಮೇಲೆ ಶಿಕ್ಷೆಗೊಳಗಾದ ಒಬ್ಬ ಉಪಾಧ್ಯಾಯನ ಮೊರೆಯನ್ನಾಲಿಸಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವು 2023ರ ಸೆಪ್ಟೆಂಬರಿನಲ್ಲಿ ತುರ್ಕಿಯ ವಿರುದ್ಧ ತೀರ್ಪಿತ್ತಿತು.